ತರಬೇತಿ ಬಿಟ್ಟು ಎಂಟನೇ ಬಿ ಹೊಕ್ಕಿದ್ದು

ಇಪ್ಪತ್ತಾರು ವರ್ಷದಿಂದ, ಹಿಂದಿನ ಬೆಂಚಿನ ಮಕ್ಕಳನ್ನು ಎಬ್ಬಿಸಿ ಮುಂದೆ ಕೂರಿಸುತ್ತ ಬಂದ ನಾನು, ನನ್ನನ್ನೇ ಬೆಂಚಿನ ಮೇಲೆ ಕೂರಿಸಿದ ಮೊದಲ ದಿನ ಓಡಿಹೋಗಿ ಹಿಡಿದದ್ದು ಕೊನೆಯ ಬೆಂಚನ್ನೇ. ಇದನ್ನು ನಿಮ್ಮ ಹತ್ತಿರ ಮಾತ್ರ ಹೇಳುತ್ತಿದ್ದೇನೆ. ಸವಣೂರಿನ ನಮ್ಮ ಶಾಲೆಯ ಮಕ್ಕಳ ಕಿವಿಗೆ ಬೀಳದಿರಲಿ. ಆ ಬೆಂಚೂ ಸುಲಭವಾಗಿ ಸಿಗಲಿಲ್ಲ. ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳಿಂದ ಬಂದ ಹಿರಿಯ ಶಿಕ್ಷಕರೆಲ್ಲ ನನಗಿಂತ ಮೊದಲೇ ಬಂದು ಹಿಂದಿನ ಮೂರು ಸಾಲನ್ನು ಭರ್ತಿ ಮಾಡಿಬಿಟ್ಟಿದ್ದರು. ಮುಂದಿನ ಬೆಂಚುಗಳ ಮೇಲೆ ನಮ್ಮ ಊಟದ ಡಬ್ಬಿಗಳು ಕುಳಿತು ಶ್ರದ್ಧೆಯಿಂದ ಪಾಠ ಕೇಳುತ್ತಿದ್ದವು.

ಅದು ಶಿಕ್ಷಕರನ್ನು ಮುಖ್ಯೋಪಾಧ್ಯಾಯರನ್ನಾಗಿ ಮಾಡುವ ಹತ್ತು ದಿನದ ತರಬೇತಿ. ಹಾನಗಲ್ಲಿನ ಒಂದು ಪ್ರೌಢಶಾಲೆಯ ಮಹಡಿಯ ಮೇಲೆ ನಾವು, ಕೆಳಗೆ ಎಂದಿನಂತೆ ಶಾಲೆ. ಹತ್ತನೆಯ ದಿನ ಎಲ್ಲರ ಕೈಗೂ ಒಂದು ಹಾಳೆ ಬರುತ್ತದೆ. ಬಡ್ತಿಗೆ ಒಪ್ಪಿದ್ದೇನೆ ಅಥವಾ ಒಪ್ಪಿಲ್ಲ ಎಂದು ಗುರುತು ಹಾಕಿ ಸಹಿ ಮಾಡಬೇಕು. ನನಗೆ ಆ ಹಾಳೆಯದೇ ಚಿಂತೆ. ಒಪ್ಪಿದರೆ ಕೈಯಲ್ಲಿನ ಸೀಮೆಸುಣ್ಣ ಹೋಗಿ ರಬ್ಬರ್ ಮೊಹರು ಬರುತ್ತದೆ. ಗಣಿತ ಹೇಳಿಕೊಡದೆ ನಾನು ಬದುಕಿದ್ದು ಬೇಸಿಗೆ ರಜೆಯಲ್ಲಿ ಮಾತ್ರ. ಆಗಲೂ ಓಣಿಯ ಮಕ್ಕಳನ್ನು ಹಿಡಿದು ಕೂರಿಸಿ ಅವರಿಂದ ಬೈಸಿಕೊಂಡಿದ್ದೇನೆ. ಒಲ್ಲೆ ಅನ್ನೋಣವೆಂದರೆ ನಮ್ಮ ಮನೆಯವರು ಆಗಲೇ ಬಜಾರದ ತುಂಬ, "ನಮ್ಮಾಕಿ ಹೆಡ್ ಆಗಾಕತ್ತಾಳ್ರಿ" ಎಂದು ಸುದ್ದಿ ಹಂಚಿ ಮುಗಿಸಿದ್ದರು.

ಶಿಕ್ಷಕರಿಗೆ ಪಾಠ ಮಾಡುವವರನ್ನು ಕಂಡರೆ ಈಗಲೂ ನನಗೆ ಕನಿಕರ. ನಮ್ಮ ತರಬೇತುದಾರರು ಮೃದು ಮಾತಿನ ತರುಣ. ಪಾಪ, ಅವರು ಬೋರ್ಡಿನ ಮೇಲೆ ಒಂದು ಸಾಲು ಬರೆದರೆ ಹಿಂದಿನಿಂದ ಮೂರು ಮಂದಿ ಒಮ್ಮೆಗೇ, "ಅಕ್ಷರ ಸ್ವಲ್ಪ ದೊಡ್ಡವ ಬರೀರಿ ಸರ್" ಅನ್ನುತ್ತಿದ್ದರು. ಅವರು ಫೋನು ಬಂತೆಂದು ಹೊರಗೆ ಹೋದರೆ ಇಡೀ ಕೋಣೆಯಲ್ಲಿ ಸಂತೆಯ ಗದ್ದಲ. ಒಂದು ಸಲ ಶಿಗ್ಗಾವಿಯ ವಿಜ್ಞಾನ ಮಾಸ್ತರರಾದ ದಸ್ತಗೀರ್ ಸರ್ ಎದ್ದುಹೋಗಿ, ಮಾತಾಡುವವರ ಹೆಸರನ್ನು ಬೋರ್ಡಿನ ಮೇಲೆ ಬರೆಯತೊಡಗಿದರು. ಮೊದಲ ಹೆಸರು ನನ್ನದು. "ಅಳಸ್ರಿ ಸರ್, ನಿಮಗ ಶೇಂಗಾ ಚಟ್ನಿ ಕೊಡ್ತೇನಿ" ಎಂದು ಲಂಚದ ಆಸೆ ತೋರಿಸಿದ ಮೇಲೆ ಅಳಿಸಿದರು. ಐವತ್ತು ದಾಟಿದ ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಮೂರನೆಯ ದಿನ ಸುತ್ತೋಲೆಗಳ ಪಾಠ. ಹಳೆಯ ಕಲ್ಲಿನ ಶಾಸನಗಳನ್ನು ನೋಡಿದ್ದೀರಲ್ಲ? ನಾನು ಮಕ್ಕಳನ್ನು ಪ್ರವಾಸಕ್ಕೆಂದು ಆಡೂರಿಗೆ ಕರೆದೊಯ್ದಾಗ ಅಂಥದೊಂದರ ಮುಂದೆ ನಿಂತು, ಒಂದಕ್ಷರವೂ ಓದಲು ಬಾರದೆ, ಬಹಳ ತಿಳಿದವಳಂತೆ ತಲೆಯಾಡಿಸಿದ್ದೆ. ಇಂಥ ದಾನಶಾಸನಗಳ ಕೊನೆಗೆ ಸಾಮಾನ್ಯವಾಗಿ ಒಂದು ಶಾಪ ಇರುತ್ತದಂತೆ. ಇದನ್ನು ಮೀರಿದವನಿಗೆ ಇಂಥಿಂಥ ಪಾಪ ತಟ್ಟಲಿ ಎಂದು. ನಮ್ಮ ಸುತ್ತೋಲೆ ಬರೆಯುವವರು ಆ ವಂಶದವರೇ ಇರಬೇಕು. ವಿಷಯ ಸಸಿ ನೆಡುವುದಿರಲಿ, ಮೊಟ್ಟೆ ಹಂಚುವುದಿರಲಿ, ಕಡೆಯ ಸಾಲು ಮಾತ್ರ ಒಂದೇ: ತಪ್ಪಿದಲ್ಲಿ ಮುಂದಿನ ಪರಿಣಾಮಗಳಿಗೆ ಮುಖ್ಯೋಪಾಧ್ಯಾಯರೇ ಹೊಣೆ. ಕಲ್ಲಿನ ಶಾಪ ಯಾರಿಗೆ ತಟ್ಟಿತೋ ಗೊತ್ತಿಲ್ಲ, ಕಾಗದದ್ದು ನೇರ ಹೆಡ್ ಮೇಡಂ ಮೇಜಿಗೇ ಬರುತ್ತದೆ.

ನಾಲ್ಕನೆಯ ದಿನ ಅಭಿನಯ. ದಸ್ತಗೀರ್ ಸರ್ ದಿನಾ ತಡವಾಗಿ ಬರುವ ಶಿಕ್ಷಕ, ನಾನು ಮುಖ್ಯೋಪಾಧ್ಯಾಯಿನಿ, ಗಟ್ಟಿಯಾಗಿ ಸಮಜಾಯಿಷಿ ಕೇಳಬೇಕು. ಅವರು ಬಾಗಿಲಲ್ಲಿ ತಲೆ ತಗ್ಗಿಸಿ ನಿಂತದ್ದು ನೋಡಿ ನನ್ನ ಬಾಯಿಂದ ಬಂದ ಮಾತು, "ಯಾಕ್ರಿ ಸರ್, ಬಸ್ ತಪ್ಪಿತೇನು? ಚಾ ಕುಡದ್ರಿಲ್ಲೋ?" ಸಭೆ ಚಪ್ಪಾಳೆ ಹೊಡೆಯಿತು. ತರಬೇತುದಾರರು ಮಾತ್ರ ತಮ್ಮ ಪುಸ್ತಕದಲ್ಲಿ ಏನನ್ನೋ ಬರೆದುಕೊಂಡರು. ಇಣುಕಿ ನೋಡಿದೆ: "ಜೋರು ಸಾಲದು." ಆ ಸಂಜೆ ಒಪ್ಪಿಲ್ಲ ಎಂಬ ಕಡೆಗೆ ಮನಸ್ಸು ಮುಕ್ಕಾಲು ವಾಲಿತು.

ಐದನೆಯ ದಿನ ನಡೆದದ್ದು ಮಾಸ್ತರಿಕೆಯವರಿಂದ ಮಾತ್ರ ಆಗಬಹುದಾದ ತಪ್ಪು. ಕೆಳಗಿನ ಶಾಲೆಯ ಗಂಟೆ ಮಹಡಿಗೂ ಕೇಳುತ್ತಿತ್ತು. ಗಂಟೆ ಹೊಡೆದಾಗೆಲ್ಲ ನಾವಷ್ಟೂ ಮಂದಿ ಅರ್ಧ ಎದ್ದು, ನೆನಪಾಗಿ, ನಕ್ಕು ಕುಳಿತುಕೊಳ್ಳುತ್ತಿದ್ದೆವು. ಅವತ್ತು ನಾನು ನೀರು ಕುಡಿಯಲು ಕೆಳಗಿಳಿದಿದ್ದೆ. ಗಂಟೆ ಹೊಡೆಯಿತು. ಎದುರಿನ ಎಂಟನೇ ಬಿ ವರ್ಗದಲ್ಲಿ ಗದ್ದಲವೋ ಗದ್ದಲ. ತಲೆ ಇನ್ನೂ ನಳದ ಹತ್ತಿರವೇ ಇತ್ತು, ಕಾಲು ಮಾತ್ರ ಒಳಗೆ ಹೋಯಿತು. "ಶ್!" ಅಂದೆ. ಮಕ್ಕಳು ಎದ್ದು, "ನಮಸ್ತೇ ಅಕ್ಕೋರ" ಅಂದರು. ಆಮೇಲೆ ನನಗೆ ಲೋಕದ ಪರಿವೆ ಇರಲಿಲ್ಲ.

ಬೋರ್ಡಿನ ಮೇಲೆ ಅರ್ಧ ಅಳಿಸಿದ ತ್ರಿಭುಜವೊಂದು ಅನಾಥವಾಗಿ ನಿಂತಿತ್ತು. ತ್ರಿಭುಜದ ಮೂರು ಮೂಲೆ ಹರಿದು ಒಂದರ ಪಕ್ಕ ಒಂದು ಜೋಡಿಸಿದರೆ ಸರಳರೇಖೆ ಆಗುತ್ತದೆ ಅಂದೆ. ಯಾರೂ ನಂಬಲಿಲ್ಲ. ತೋರಿಸಲು ಕಾಗದ ಬೇಕು. ಕೈಯಲ್ಲಿ ತರಬೇತಿಯ ಹಾಳೆಗಳಿದ್ದವು, "ಸಮರ್ಥ ನಾಯಕನ ಹದಿನಾಲ್ಕು ಲಕ್ಷಣಗಳು". ಹರಿದು ಹಂಚಿದೆ. ಮುಂದಿನ ಬೆಂಚಿಗೆ ದೂರದೃಷ್ಟಿ ಹೋಯಿತು, ಕಿಟಕಿಯ ಕಡೆಗೆ ತಾಳ್ಮೆ. ಸಮಯಪ್ರಜ್ಞೆ ನನ್ನ ಕೈಯಲ್ಲೇ ಮೂರು ಚೂರಾಯಿತು. ಮೂಲೆಗಳು ಕೂಡಿ ನೆಟ್ಟಗೆ ನಿಂತಾಗ ವರ್ಗವೆಲ್ಲ "ಓ!" ಎಂದಿತು. ಆ "ಓ" ಕೇಳಲೆಂದೇ ನಾನು ಈ ಕೆಲಸದಲ್ಲಿದ್ದೇನೆ.

ಕೊನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ಕೇಳಿದಳು, "ಅಕ್ಕೋರ, ಭಾಳ ದೊಡ್ಡ ತ್ರಿಭುಜಕ್ಕೂ ಹಿಂಗ ಆಗತೈತೇನ್ರಿ?"

"ಆಡೂರಿಂದ ಅಕ್ಕಿಆಲೂರಿಗೆ, ಅಲ್ಲಿಂದ ಹಾನಗಲ್ಲಿಗೆ, ಮತ್ತ ಆಡೂರಿಗೆ ಗೆರಿ ಎಳದ್ರೂ ಹಿಂಗ" ಅಂದೆ.

ಹಾಜರಿ ಪುಸ್ತಕಕ್ಕೆಂದು ಮೇಜಿನ ಮೇಲೆ ಕೈ ಹಾಕಿದಾಗ ಎಚ್ಚರವಾಯಿತು. ಪುಸ್ತಕ ನನ್ನದಲ್ಲ, ವರ್ಗ ನನ್ನದಲ್ಲ, ಊರೂ ನನ್ನದಲ್ಲ. ಬಾಗಿಲಲ್ಲಿ ಆ ಶಾಲೆಯ ಮುಖ್ಯೋಪಾಧ್ಯಾಯಿನಿ ಶಕುಂತಲಾ ಮೇಡಂ ಕೈಕಟ್ಟಿ ನಿಂತಿದ್ದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ತಪ್ಪಾತ್ರಿ ಮೇಡಂ" ಎಂದು ಹೊರಗೋಡಿ ಬಂದೆ.

"ಏನ್ ತಪ್ಪು? ನಾ ಬಂದು ನಿಂತು ಇಪ್ಪತ್ತ ನಿಮಿಷ ಆತು. ತಡೀಬೇಕು ಅನಸಲೇ ಇಲ್ಲ" ಎಂದರು ಅವರು. "ಗಣಿತದವರು ರಿಟೈರ್ ಆಗ್ಯಾರ, ಬ್ಯಾರೆಯವರು ಬಂದಿಲ್ಲ. ನಾನೇ ತಗೋತೇನಿ. ಇವತ್ತು ಮೀಟಿಂಗ್ ಅಂತ ಕರದ್ರು, ವರ್ಗ ಹಂಗ ಉಳೀತು."

ಐದು ದಿನದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದನ್ನು ಕೇಳಿಯೇಬಿಟ್ಟೆ. "ಹೆಡ್ ಆದ್ರ ಪಾಠ ಬಿಟ್ಟ ಹೋಗತೈತೇನ್ರಿ?"

"ಭಾಳಷ್ಟು ಹೋಗತೈತಿ. ಸುಳ್ಳ್ಯಾಕ ಹೇಳ್ಲಿ? ಆದ್ರ ಯಾವ ವರ್ಗದಾಗ ಮಾಸ್ತರಿಲ್ಲ ಅನ್ನೋದು ಎಲ್ಲಾರಕಿಂತ ಮೊದಲ ನಮಗ ಗೊತ್ತಾಗತೈತಿ. ಗೊತ್ತಾದ ಮ್ಯಾಲ ಸುಮ್ನ ಕುಂದರೂದು ನಿಮ್ಮ ಕೈಲೆ ಆಗೂದಿಲ್ಲ ಬಿಡ್ರಿ."

ನಾನು ಮೆಟ್ಟಿಲು ಹತ್ತುತ್ತ ಅದನ್ನೇ ಯೋಚಿಸಿದೆ. ನನ್ನ ಶಾಲೆಯಲ್ಲಿ ಪಕ್ಕದ ವರ್ಗ ಖಾಲಿ ಇದ್ದಾಗ ನಾನು ಮಾಡುತ್ತಿದ್ದದ್ದು ಇಷ್ಟೇ: ಗದ್ದಲ ಕೇಳದಂತೆ ಬಾಗಿಲು ಮುಂದೆ ಮಾಡಿ ನನ್ನ ಪಾಠ ನಡೆಸುವುದು. ಅದು ನನಗೆ ನಾಚಿಕೆ ತರಿಸಿತು, ನಿಜ ಹೇಳುತ್ತೇನೆ. ಮೇಲೆ ಹೋದರೆ ತರಬೇತುದಾರರು ಹದಿನಾಲ್ಕು ಲಕ್ಷಣಗಳನ್ನು ಓದಿ ಹೇಳಲು ನನ್ನನ್ನೇ ಎಬ್ಬಿಸಿದರು. ನನ್ನ ಹತ್ತಿರ ಒಂದೂ ಉಳಿದಿರಲಿಲ್ಲ.

ಹತ್ತನೆಯ ದಿನ ಹಾಳೆ ಬಂತು. ಒಪ್ಪಿದ್ದೇನೆ ಎಂದು ಗುರುತು ಹಾಕಿದೆ. ಹಾಕಿದ ಮೇಲೆ ನಗು ಬಂತು, ಆ ನಗು ದಸ್ತಗೀರ್ ಸರ್‌ಗೂ ಹತ್ತಿತು. ಅವರೂ ಒಪ್ಪಿದ್ದರು.

ನನಗೆ ಹಿರೇಕೆರೂರು ತಾಲ್ಲೂಕಿನಲ್ಲಿ, ಚಿಕ್ಕೇರೂರಿನ ಕಡೆಯ ಒಂದು ಶಾಲೆ ಸಿಕ್ಕಿತು. ಮೊದಲ ದಿನ ಗುಮಾಸ್ತರು ಅಧಿಕಾರ ವಹಿಸಿಕೊಳ್ಳುವ ಕಾಗದಗಳನ್ನು ಮುಂದಿಟ್ಟು ಪೆನ್ನು ಕೊಟ್ಟರು. ಅಷ್ಟರಲ್ಲಿ ಒಂಬತ್ತನೇ ವರ್ಗದ ಕಡೆಯಿಂದ ಗದ್ದಲ. ಪೆನ್ನು ಇಟ್ಟು ಎದ್ದೆ. "ಮೇಡಂ, ಸಹಿ ಆಗಿಲ್ರಿ!" ಎಂದು ಅವರು ಹಿಂದಿನಿಂದ ಕೂಗುತ್ತಿದ್ದರು.

ನಾನು ಬೋರ್ಡಿನ ಮೇಲೆ ಅರ್ಧ ಲೆಕ್ಕ ಬರೆದಿದ್ದೆ. ಮುಂದಿನ ಬೆಂಚಿನವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ಮೆಲ್ಲಗೆ ಕೇಳಿದಳು, "ಅಕ್ಕೋರ, ಇವತ್ತ ಹೊಸಾ ಹೆಡ್ ಮೇಡಂ ಬರ್ತಾರಂತಲ್ರಿ?"

"ಹೌದಂತ" ಅಂದೆ. "ಭಾಳ ಜೋರ ಅದಾರಂತ. ಅವರು ಬರೂದ್ರೊಳಗ ಈ ಲೆಕ್ಕಾ ಮುಗಸೂಣು, ಬರಕೋರಿ."