ಹುಳ ಹಣ್ಣಾದ ಭಾನುವಾರ

ಹುಳಕ್ಕೆ ಪಂಚಾಂಗ ಗೊತ್ತಿಲ್ಲ ಎಂಬುದು ಜಂಗಮಕೋಟೆಯಲ್ಲಿ ಎಲ್ಲರಿಗೂ ಗೊತ್ತು, ರಾಧಾಮಣಿಯ ಸೋದರಮಾವನೊಬ್ಬನನ್ನು ಬಿಟ್ಟು. ಪುಣ್ಯಾತ್ಮ, ಹೆಣ್ಣು ನೋಡಲು ಭಾನುವಾರವೇ ಬನ್ನಿ ಎಂದು ಗಂಡಿನವರಿಗೆ ಮಾತು ಕೊಟ್ಟುಬಿಟ್ಟ. ಅದೇ ಭಾನುವಾರ ಬೆಳಗ್ಗೆ ರೇಷ್ಮೆಹುಳಗಳೆಲ್ಲ ಸೊಪ್ಪು ತಿನ್ನುವುದು ಬಿಟ್ಟು, ಮೈ ಹಳದಿಯಾಗಿ, ತಲೆಯೆತ್ತಿ ಆಡಿಸತೊಡಗಿದವು. ಹಣ್ಣಾದ ಹುಳವನ್ನು ಅಂದೇ ಆರಿಸಿ, ಗೂಡು ಕಟ್ಟಲು ಬಿದಿರಿನ ತಟ್ಟಿ ಚಂದ್ರಿಕೆಯ ಮೇಲೆ ಬಿಡಬೇಕು. ಬಿಡದಿದ್ದರೆ ಪಟ್ಟ ಪಾಡೆಲ್ಲ ಮಣ್ಣುಪಾಲು.

ರಾಧಾಮಣಿ ಬಿ.ಕಾಂ. ಓದಿದವಳು. ಅಪ್ಪ ತೀರಿಕೊಂಡ ಮೇಲೆ ಸ್ವಲ್ಪ ದಿನ ನೋಡಿಕೊಳ್ಳುತ್ತೇನೆಂದು ಹುಳದ ಮನೆ ಹೊಕ್ಕವಳು ಹೊರಗೆ ಬರಲೇ ಇಲ್ಲ. ಗತಿಯಿಲ್ಲದೆ ಅಲ್ಲ, ಆ ಕೆಲಸ ಅವಳಿಗೆ ಇಷ್ಟ. ಹುಳ ಸೊಪ್ಪು ಮೇಯುವ ಸದ್ದು ಕೇಳುತ್ತ ನಿಂತರೆ ಹಸಿವೂ ಮರೆತುಹೋಗುತ್ತಿತ್ತು. ಮದುವೆಯಾಗದ ಹೆಣ್ಣು ಹೀಗೆಂದರೆ ಯಾರು ನಂಬುತ್ತಾರೆ? ‘ಗಂಡು ಸಿಕ್ಕಿಲ್ಲ, ಪಾಪ’ ಎಂದು ಊರು ಲೊಚಗುಟ್ಟಿತು.

ಕಾರು ಬಂದು ನಿಂತಾಗ ತಾಯಿ ನಾರಾಯಣಮ್ಮ ಮಗಳ ಮುಂದೆ ಕೈಮುಗಿದಳು. “ಒಂದು ಮೊಳ ಹೂವಾದ್ರೂ ಮುಡ್ಕೊಳ್ಳೇ, ನಿನ್ ದಮ್ಮಯ್ಯ!”

“ವಾಸನೆ ಹುಳಕ್ಕೆ ಆಗಲ್ಲಮ್ಮ. ಕಾಫಿ ಕೊಟ್ಟು ಮತ್ತೆ ಒಳಗೋಗ್ಬೇಕು.”

ಗಂಡು ಸುನೀಲ್‌ಕುಮಾರ್‌ಗೆ ಚಿಕ್ಕಬಳ್ಳಾಪುರದಲ್ಲಿ ಸರ್ಕಾರಿ ಕೆಲಸ. ಹೂವಿಲ್ಲದ, ಪೌಡರ್ ಇಲ್ಲದ ಹುಡುಗಿಯನ್ನು ನೋಡಿ ಅವನು ಮುಖ ಸಿಂಡರಿಸಲಿಲ್ಲ, ನಕ್ಕ. ಆ ನಗು ಅವಳಿಗೆ ಹಿಡಿಸಿತು. ಹಿಡಿಸಿತಲ್ಲಾ ಎಂದು ಭಯವೂ ಆಯಿತು.

ಅವನ ತಾಯಿ ಓಬಳಮ್ಮ ಚಿಂತಾಮಣಿ ಕಡೆಯವರು. ಲೋಟ ಕೆಳಗಿಟ್ಟು ಕೇಳಿದರು, “ಏನಮ್ಮಾ, ಹುಳ ಹಣ್ಣಾಗೈತಾ?” ರಾಧಾಮಣಿ ಹೌದೆಂದದ್ದೇ ತಡ, ತಮ್ಮ ತಲೆಯ ಮಲ್ಲಿಗೆಯನ್ನು ತೆಗೆದು ಕಿಟಕಿಯಲ್ಲಿಟ್ಟು, ಕೈಕಾಲು ತೊಳೆದು, ಸೆರಗು ಸಿಕ್ಕಿಸಿಕೊಂಡು ಅವಳ ಹಿಂದೆಯೇ ಹುಳದ ಮನೆಗೆ ನಡೆದರು. ಹಣ್ಣುಹುಳ ಯಾವುದು, ಕಾಯಿ ಯಾವುದು ಎಂದು ಅವರ ಬೆರಳುಗಳಿಗೆ ಹೇಳಿಕೊಡಬೇಕಾಗಿರಲಿಲ್ಲ.

“ಮೂವತ್ತು ವರ್ಷ ಆಯ್ತು ಕಣಮ್ಮ ಮುಟ್ಟಿ. ಮದ್ವೆ ಆದ್ಮೇಲೆ ಬಿಡು ಅಂದ್ರು, ಬಿಟ್ಟೆ.”

ಅಷ್ಟರಲ್ಲಿ ಸುನೀಲ್‌ಕುಮಾರ್ ಬಾಗಿಲಿಗೆ ಬಂದ. “ನನಗೆ ಒಪ್ಪಿಗೆ ರೀ. ಮದ್ವೆ ಆದ್ಮೇಲೆ ಈ ಕಷ್ಟ ಎಲ್ಲ ಬೇಡ. ಟೌನಲ್ಲಿ ಆರಾಮಾಗಿರಬಹುದು.”

“ಕಷ್ಟ ಅಂತ ನಾನು ಹೇಳ್ಲಿಲ್ವಲ್ಲ,” ಎಂದಳು ರಾಧಾಮಣಿ. “ನೀವು ನನಗೆ ಇಷ್ಟ ಆದ್ರಿ, ಸುಳ್ಳು ಹೇಳಲ್ಲ. ಆದ್ರೆ ಈ ಕೆಲಸ ಬಿಟ್ಟು ಬರೋಕಾಗಲ್ಲ. ಇಲ್ಲೇ ಇದ್ಕೊಂಡು ಆಫೀಸಿಗೆ ಹೋಗಿ ಬರ್ತೀರಾ?”

ಅವನು ಕೆಟ್ಟವನಲ್ಲ, ಯೋಚಿಸಿಯೇ ಉತ್ತರಿಸಿದ. “ಮನೆ ಅಳಿಯ ಆಗೋದು ನನ್ ಕೈಲಾಗಲ್ಲ ರೀ.”

“ಹಂಗಾದ್ರೆ ಬೇಡ ಬಿಡಿ.”

ಅಷ್ಟೇ. ಹೊರಗೆ ಸೋದರಮಾವ ಕುಣಿದಾಡಿದ. “ಹಂಗಾದ್ರೆ ಹುಳನೇ ಕಟ್ಕೊಳ್ಳಲಿ ಬಿಡು!” ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂದು ನಾರಾಯಣಮ್ಮ ಗೋಳಾಡಿದಳು. ರಾಧಾಮಣಿಗೆ ಹೊರಟವನನ್ನು ಹೋಗಿ ತಡೆಯಬೇಕೆನಿಸಿತು. ಹೋದರೆ ಏನು ಹೇಳಬೇಕಾಗುತ್ತದೆಂದು ಗೊತ್ತಿದ್ದರಿಂದ ಹೋಗಲಿಲ್ಲ. ತಟ್ಟೆಯ ಮೇಲೆ ಬಗ್ಗಿ ಹುಳ ಆರಿಸುತ್ತಲೇ ಇದ್ದಳು.

ಕಾರಿನ ಬಳಿಯಿಂದ ಸುನೀಲ್‌ಕುಮಾರ್ ಕೂಗಿದ, “ಅಮ್ಮಾ, ಬಾ, ಹೊರಡೋಣ.”

ಓಬಳಮ್ಮ ತಲೆಯೆತ್ತಲಿಲ್ಲ. “ನೀವು ಹೋಗ್ರಪ್ಪ. ಈ ಕೆಲಸ ಮುಗಿಸ್ಕೊಂಡು ನಾನು ಬಸ್ಸಿಗೆ ಬರ್ತೀನಿ.”

ಅಲ್ಲಿಯವರೆಗೆ ತಡೆದಿದ್ದ ಅಳು ರಾಧಾಮಣಿಗೆ ಒತ್ತರಿಸಿಕೊಂಡು ಬಂತು.

“ಅಳು ತಾಯಿ, ಅಳು,” ಎಂದರು ಓಬಳಮ್ಮ. “ಕೈ ಮಾತ್ರ ನಿಲ್ಲಿಸ್ಬೇಡ.”