ಓಡದವರ ಫೀ

ನಿಲಂಗಾ ಸೀಮೆಯ ವ್ಯಾಯಾಮ ಶಿಕ್ಷಣದಲ್ಲಿ, ಒಂದೇ ಸೀಟಿಗೆ ವಾರದ ಸಂತೆಯನ್ನೂ ಸಾಲುಗಟ್ಟಿ ನಿಲ್ಲಿಸಬಲ್ಲವರೆಂದು ಹೆಸರಾದ ಶ್ರೀಮತಿ ಜಗದೇವಿಬಾಯಿ ಸ್ವಾಮಿಯವರು ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಆದರೆ ಅವರ ನಿಜವಾದ ಪಾಂಡಿತ್ಯವಿದ್ದುದು ಧರ್ಮಾರ್ಥ ಓಟಗಳಿಗೆ ಪ್ರವೇಶ ಫೀ ಗೊತ್ತುಮಾಡುವುದರಲ್ಲಿ ಎಂಬುದನ್ನು ಸರ್ಕಾರ ಇನ್ನೂ ಅರಿತಂತಿಲ್ಲ.

ಜಳಕೋಟದ ಹೆಣ್ಣುಮಕ್ಕಳ ವಸತಿಗೃಹದ ತಗಡು ಗಾಳಿಗೆ ಹಾರಿಹೋದ ವರ್ಷ ಅವರು ಈ ವಿದ್ಯೆಗಿಳಿದರು. ಮಳೆಗೆ ಮುಂಚೆ ಹೊಸ ತಗಡು ಹೊದಿಸದಿದ್ದರೆ ಹುಡುಗಿಯರು ಊರಿಗೆ ಮರಳಬೇಕು. ಮರಳಿದವರಿಗೆ ಓದು ಮುಗಿಯಿತು, ಮದುವೆಯೇ ಗತಿ ಎಂದು ಜಗದೇವಿಬಾಯಿಯವರು ವಸತಿಗೃಹದ ನಿಧಿಗಾಗಿ ಓಟಗಳನ್ನು ಹೂಡಿದರು. ಆದರೆ ಅವರದು ಜಂಗಮ ಅಯ್ಯನವರ ಮನೆ; ದಕ್ಷಿಣೆಗೆ ದರ ಹೇಳಬಾರದೆಂಬುದು ಮಾವ ಸೋಮಯ್ಯನವರ ಕಟ್ಟಪ್ಪಣೆ. ಹಾಗಾಗಿ ಮೊದಲ ಓಟಕ್ಕೆ 'ಮನಸ್ಸಿಗೆ ಬಂದಷ್ಟು' ಎಂದು ಸಾರಿದರು. ಜನರ ಮನಸ್ಸಿಗೆ ಹತ್ತು ರೂಪಾಯಿ ಬಂತು. ಪುಕ್ಕಟೆ ಸಿಕ್ಕರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಎಂಬಂತೆ ಎರಡೆರಡು ಟೀ ಶರ್ಟು ಪಡೆದು, ಮಂಡಕ್ಕಿ ಸುಸಲಾ ತಿಂದು, ಓಡದೆ ಮನೆಗೆ ನಡೆದರು. ಎರಡನೆಯ ಓಟಕ್ಕೆ, ಅದಕ್ಕೆಂದೇ ಕೂಡಿದ ಊರ ಸಮಿತಿ ಐನೂರು ಎಂದಿತು. ಸಮಿತಿಯವರಷ್ಟೇ ಬಂದರು, ಅವರೂ ತಮಗೆ ಮಾಫಿ ಎಂದುಕೊಂಡು.

ಮಳೆ ಬಾಗಿಲಿಗೆ ಬಂದಿತ್ತು. ಅಷ್ಟರಲ್ಲಿ ಅಡತಿ ವ್ಯಾಪಾರಿ ಕಾಶೆಪ್ಪನವರು ಜಗದೇವಿಬಾಯಿಯವರ ಬಳಿ ಬಂದು, ಮೂರನೆಯ ಓಟದಿಂದ ತಮ್ಮ ಮೊಣಕಾಲುಗಳಿಗೆ ರಿಯಾಯಿತಿ ಬೇಡಿದರು.

"ಓಡೋರಿಗಿ ಐವತ್ತು, ಓಡಲಾರದೋರಿಗಿ ಎರಡು ಸಾವಿರ್ ರೀ ಸಾವಕಾರ್ರೆ. ನಿಮ್ಮ ಹೆಸರು ಯಾದರಾಗ ಬರೀಲಿ?"

ಕಾಶೆಪ್ಪನವರು ಕಿಸೆಗೆ ಕೈಹಾಕಿದರು. ಸಂಜೆಯೊಳಗೆ ಊರಿನ ಹೊಟ್ಟೆ ಬಂದ ಗಣ್ಯರೆಲ್ಲ ಓಡದವರ ಸಾಲಿನಲ್ಲಿ ನಿಂತಿದ್ದರು. ದರ ಹೇಳಿದೆಯಂತಲ್ಲ ಎಂದು ಮಾವ ಕಣ್ಣು ಕೆಂಪಗೆ ಮಾಡಿದರೆ, ಸೊಸೆ ಸೆರಗು ಸರಿಮಾಡಿಕೊಂಡು ಅಂದರು: "ಇದು ದಕ್ಷಿಣಿ ಅಲ್ರೀ ಮಾವ್ರೆ, ದಂಡ ಅದ."

ಮೃಗಶಿರಾ ಮಳೆ ಹೊಸ ತಗಡಿನ ಮೇಲೆಯೇ ಬಿತ್ತು.

ಮರುವರ್ಷ ಎರಡು ಸಾವಿರ ಉಳಿಸಲೆಂದು ವಿಮಲಾಬಾಯಿಯವರು ಪತಿ ಕಾಶೆಪ್ಪನವರನ್ನು ನಸುಕಿನಲ್ಲೇ ಎಬ್ಬಿಸಿ ಓಡಿಸತೊಡಗಿದ್ದರಿಂದ, ಅವರ ಸಕ್ಕರೆ ಕಾಯಿಲೆಯೂ ಇಳಿಯಿತು, ನಿಧಿಯೂ ಇಳಿಯಿತು. ಜಗದೇವಿಬಾಯಿಯವರು ಎದೆಗುಂದದೆ ಓಟದ ವೇದಿಕೆಯಲ್ಲಿ ಭಾಷಣ ಮಾಡುವವರಿಗೆ ಫೀ ಇಟ್ಟರು.

ಈ ಅಭಿನಂದನ ಗ್ರಂಥಕ್ಕೂ ದರ ಅವರದೇ: ತಮ್ಮನ್ನು ಒಂದು ಪುಟ ಹೊಗಳುವುದು ಪುಕ್ಕಟೆ, ಎರಡನೆಯ ಪುಟಕ್ಕೆ ಕಾಲಿಟ್ಟರೆ ವಸತಿಗೃಹಕ್ಕೆ ಐನೂರು. ಹಿರಿಯ ಲೇಖಕರೆಲ್ಲ ಒಂದೇ ಪುಟದಲ್ಲಿ ಶತಾಯುಷ್ಯ ಕೋರಿ ಕೈಮುಗಿದಿದ್ದಾರೆ. ಆ ತಗಡಿನ ಕೆಳಗೆ ಓದಿ, ಮದುವೆಯ ಮಾತು ತಪ್ಪಿಸಿಕೊಂಡು, ಇಂದು ಅವರದೇ ಶಾಲೆಯಲ್ಲಿ ಸೀಟಿ ಊದುತ್ತಿರುವ, ಈ ಲೇಖನ ಬರೆದ ವೈಷ್ಣವಿ ಮಾತ್ರ, ಬಾಯಿಯವರು ನೂರು ವರ್ಷ ಬಾಳಲಿ, ಬಾಳಿದಷ್ಟೂ ನಮ್ಮಿಂದ ವಸೂಲಿ ಮಾಡುತ್ತಿರಲಿ ಎಂಬ ಹಾರೈಕೆಯನ್ನು ಬೇಕೆಂದೇ ಎರಡನೆಯ ಪುಟಕ್ಕೆ ತಂದಿದ್ದಾಳೆ. ಐನೂರು ಇದರ ಜೊತೆಗಿದೆ.