ಕಬ್ಬಿನ ಸಾಲಿಗೆ ಅಡ್ಡ ನಿಂತ ಸಿಸ್ಟ್ರಮ್ಮ

ಓಟು ಕೇಳಲು ಬಂದವರ ಮುಂದೆ ಪಂಚೆ ಸಡಿಲಿಸಿ ಸೊಂಟ ಒಡ್ಡಿದ ಮತದಾರನನ್ನು ನೀವು ಕಂಡಿದ್ದೀರಾ? ನಾನು ಕಂಡೆ. ಹೋದ ಭಾನುವಾರ, ನಮ್ಮೂರಲ್ಲಿ, ಹಾಡಹಗಲಲ್ಲಿ.

ಅವರ ಹೆಸರು ಕೆಂಪಯ್ಯ. ವಯಸ್ಸಾದ ಜೀವ, ಕಣ್ಣು ಮಂಜು. ಜಗಲಿಯ ಮೇಲೆ ಬಿಸಿಲು ಕಾಯಿಸುತ್ತಾ ಕೂತಿದ್ದವರು ಶಿವಲಿಂಗಮ್ಮನವರ ದನಿ ಕೇಳಿದ್ದೇ ತಡ, ಎದ್ದು ಗೋಡೆಗೆ ಮುಖ ಮಾಡಿ ನಿಂತುಬಿಟ್ಟರು. "ಎಡಗಡೆ ಚುಚ್ಚವ್ವ. ಬಲಗಡೆದು ಓದ್ಸಲದ್ದೇ ಇನ್ನೂ ನೋಯ್ತದೆ" ಎಂದರು.

"ಕೆಂಪಣ್ಣ, ನಾನು ಇಂಜಕ್ಸನ್ ಕೊಡಕ್ ಬಂದಿಲ್ಲ. ಓಟ್ ಕೇಳಕ್ ಬಂದಿವ್ನಿ."

ಕೆಂಪಯ್ಯ ಪಂಚೆ ಬಿಗಿ ಮಾಡಿಕೊಳ್ಳುತ್ತಾ ಸ್ವಲ್ಪ ಹೊತ್ತು ಯೋಚಿಸಿದರು. "ಅಂಗಾರೆ ಇಂಜಕ್ಸನ್ ಯಾವತ್ತು?"

ಶಿವಲಿಂಗಮ್ಮ ನಮ್ಮ ಕಡೆಯ ಹಳ್ಳಿಗಳಲ್ಲಿ ನರ್ಸ್ ಆಗಿ ತಲೆ ಬೆಳ್ಳಗೆ ಮಾಡಿಕೊಂಡವರು. ಈಚೆಗೆ ರಿಟೈರ್ ಆದರು. ಊರಿಗೆಲ್ಲ ಸಿಸ್ಟ್ರಮ್ಮ. ಈಗ ಗ್ರಾಮ ಪಂಚಾಯಿತಿ ಚುನಾವಣೆಗೆ ನಿಂತಿದ್ದಾರೆ. ನನಗೆ ಚುನಾವಣೆ ಅಂದರೆ ಅಲರ್ಜಿ. (ನಿಮಗೂ ಗೊತ್ತು, ಈ ಅಂಕಣದಲ್ಲಿ ಎಷ್ಟು ಸಲ ಬೈದಿದ್ದೇನೆ.) ಶ್ರೀರಂಗಪಟ್ಟಣದ ನನ್ನ ಮನೆಯಲ್ಲಿ ಭಾನುವಾರದ ನಿದ್ದೆ ಮಾಡುವುದು ಬಿಟ್ಟು ನಾನೇಕೆ ಪಾಂಡವಪುರ ದಾಟಿ ಹುಟ್ಟೂರಿಗೆ ಹೋದೆ? ನನ್ನ ಚಿಕ್ಕಪ್ಪನ ಮಗ ಚೆಲುವ ಕರೆದ. "ಅಣ್ಣ, ನೀನು ಪೇಪರ್‌ನಲ್ಲಿ ಬರಿಯೋನು. ಸಿಸ್ಟ್ರಮ್ಮನ ಜೊತೆ ಒಂದಿನ ನಡುದ್ರೆ ಅವ್ರಿಗೊಂದು ತೂಕ" ಎಂದ. ಹೊಗಳಿದರೆ ನಾನು ಎಲ್ಲಿಗಾದರೂ ಹೋಗುತ್ತೇನೆ.

ನರ್ಸ್ ಒಬ್ಬರು ಕ್ಯಾಂಪೇನ್ ಮಾಡುವ ಕಷ್ಟ ಮೊದಲ ಬೀದಿಯಲ್ಲೇ ಗೊತ್ತಾಯಿತು. ಮಕ್ಕಳೆಲ್ಲ ಓಡಿಹೋದವು. ಒಂದೊಂದಕ್ಕೂ ಸೂಜಿ ಚುಚ್ಚಿದ ಕೈ ಅದು, ಮರೆಯುತ್ತವೆಯೇ? ಬೇರೆ ಕ್ಯಾಂಡಿಡೇಟ್ ಬಂದರೆ ಜನ ರಸ್ತೆ, ನೀರು, ಸೈಟು ಎನ್ನುತ್ತಾರೆ. ಇವರ ಮುಂದೆ ಮಂಡಿ ನೋವು, ಗ್ಯಾಸು, ಸೊಸೆಯ ಮುಟ್ಟಿನ ತೊಂದರೆ.

ಇನ್ನೊಂದು ವಿಚಿತ್ರ. ಮದುವೆಗೆ ಬಂದ ಹುಡುಗಿ ಇರುವ ಮನೆಗೆ ಸಿಸ್ಟ್ರಮ್ಮ ಕಾಲಿಡಲೇ ಇಲ್ಲ. ಬೀದಿಯಲ್ಲೇ ನಿಂತು, ನಾಲ್ಕು ಮನೆಗೆ ಕೇಳುವ ಹಾಗೆ "ಓಟಿಗ್ ಬಂದಿವ್ನಿ, ಓಟಿಗೆ" ಎಂದು ಕೂಗಿ ಹೇಳಿದರು. ಯಾಕೆ ಎಂದೆ. "ನಾನು ಒಳೀಕ್ ಓದ್ರೆ ಆ ಮನೆ ಹುಡ್ಗಿಗೆ ಏನಾಯ್ತು ಅಂತ ಸಂಜೆಗೆ ಊರೆಲ್ಲ ಕೇಳ್ತದೆ ಕನಪ್ಪ" ಎಂದರು. ಇಷ್ಟು ಎಚ್ಚರದಿಂದ ಓಟು ಕೇಳುವವರನ್ನು ನಾನು ಇದೇ ಮೊದಲು ನೋಡಿದ್ದು. ಅಲ್ಲಿಂದಲೇ ನನ್ನ ಬಾಯಿ ಸ್ವಲ್ಪ ಮುಚ್ಚಿತು.

ಇವರದು ಬಾಯಿಮಾತಿನ ಮ್ಯಾನಿಫೆಸ್ಟೊ. ಊರಿನ ಆರೋಗ್ಯ ಉಪಕೇಂದ್ರದ ಬಾಗಿಲಿಗೆ ಒಳಗಿನಿಂದ ಚಿಲಕ ಬೇಕು, ನಲ್ಲಿಯಲ್ಲಿ ನೀರು ಬೇಕು. ಹೆಂಗಸರು ಸೀರೆ ಸಡಿಲಿಸಿ ಮಲಗುವ ಜಾಗಕ್ಕೆ ಚಿಲಕವಿಲ್ಲ ಎಂದರೆ ಯಾರು ಬರುತ್ತಾರೆ? ಎಲ್ಲರೂ ಹೌದು ಹೌದು ಎಂದರು. ಬಾಣಂತಿಯರ ಮನೆಗೆ ಪಂಚಾಯಿತಿಯಿಂದ ಒಬ್ಬರು ಹೋಗಿ ನೋಡಿಕೊಂಡು ಬರಬೇಕು. ಅದಕ್ಕೂ ಹೌದು. ಮೂರನೆಯದನ್ನು ಹೇಳಿದರೆ ಮಾತ್ರ ಎಲ್ಲರೂ ಬೇರೆಲ್ಲೋ ನೋಡತೊಡಗುತ್ತಿದ್ದರು. ಕಬ್ಬಿನ ಗಾಡಿಗಳು ರಸ್ತೆ ಬಿಡಬೇಕು.

ಕಬ್ಬು ಕಡಿಯುವ ಕಾಲದಲ್ಲಿ ನಮ್ಮ ಕಡೆ ಬಂದವರಿಗೆ ಇದು ಗೊತ್ತು. ಫ್ಯಾಕ್ಟರಿ ಗೇಟಿನಿಂದ ನಮ್ಮೂರ ಬಾಗಿಲವರೆಗೂ ಟ್ರಾಕ್ಟರುಗಳು ಸಾಲುಗಟ್ಟುತ್ತವೆ. ಒಂದು ಸಾಲಲ್ಲ, ಜೋಡಿ ಸಾಲು. ಪಕ್ಕಕ್ಕೆ ಸರಿದರೆ ಹಿಂದಿನವನು ನುಗ್ಗುತ್ತಾನೆ, ಸರದಿ ಹೋಗುತ್ತದೆ. ಆದ್ದರಿಂದ ಯಾರೂ ಸರಿಯುವುದಿಲ್ಲ. ಟ್ರೈಲರಿನ ಕೆಳಗೆ ಗೋಣಿಚೀಲ ಹಾಸಿಕೊಂಡು ಮಲಗಿಬಿಡುತ್ತಾರೆ. ಊರಲ್ಲಿ ಕಬ್ಬು ಬೆಳೆಯದ ಮನೆ ಎಷ್ಟಿವೆ? ಅಂದರೆ ಸಿಸ್ಟ್ರಮ್ಮ ಯಾರ ವಿರುದ್ಧ ಮಾತಾಡುತ್ತಿದ್ದಾರೋ ಅವರ ಓಟನ್ನೇ ಕೇಳುತ್ತಿದ್ದಾರೆ. ರಾಜಕೀಯದಲ್ಲಿ ಇದಕ್ಕೆ ಆತ್ಮಹತ್ಯೆ ಎನ್ನುತ್ತಾರೆ.

ಚೆಲುವನಿಗೂ ಒಂದು ಟ್ರಾಕ್ಟರಿದೆ, ಜೋಡಿ ಟ್ರೈಲರಿದೆ. ಅವನೇಕೆ ಇವರ ಹಿಂದೆ ಬಿದ್ದಿದ್ದಾನೆ? ಕೇಳಿದೆ. "ಸುಮ್ಕೆ ನಡಿಯಣ್ಣ" ಎಂದ.

ಸಂಜೆ ಚಿಕ್ಕೇಗೌಡರಿಂದ ಕರೆ ಬಂತು. ಊರಿನ ಯಜಮಾನರು. ಎದುರಾಳಿ ಕ್ಯಾಂಡಿಡೇಟ್ ಅವರ ತಮ್ಮನ ಮಗ. ನಾಮಪತ್ರ ವಾಪಸು ಪಡೆಯಲು ಮಾರನೆಯ ದಿನವೇ ಕೊನೆ. ಜಗಲಿಯ ಮೇಲೆ ಹತ್ತಾರು ಜನ ಕೂತಿದ್ದರು. ಗೌಡರು ಕಾಫಿ ಕೊಡಿಸಿ, ನಿಧಾನಕ್ಕೆ ಶುರು ಮಾಡಿದರು.

"ನೋಡವ್ವ ಸಿಸ್ಟ್ರಮ್ಮ, ನೀನು ಈ ಊರ್ ಮಗಳಿದ್ದಂಗೆ. ನಾಳೀಕೆ ನಮ್ ಹುಡ್ಗನ್ನ ವಾಪಸ್ ತೆಗಿಸ್ತೀನಿ. ನೀನು ಅವಿರೋಧ. ಬೀದಿ ಬೀದಿ ತಿರುಗಾದೂ ಬ್ಯಾಡ. ಆ ಗಾಡಿ ಮಾತೊಂದ ಬುಟ್ಬುಡು."

ನಾನಾಗಿದ್ದರೆ ಕಾಫಿ ಆರುವ ಮೊದಲೇ ಹೂಂ ಎನ್ನುತ್ತಿದ್ದೆ. ಮೊದಲು ಗೆಲ್ಲಿ, ಮಿಕ್ಕಿದ್ದು ಆಮೇಲೆ. ಎಲ್ಲರೂ ಮಾಡುವುದು ಅದನ್ನೇ ತಾನೆ?

"ಗೌಡ್ರೇ, ನಾನು ನಿಂತಿರಾದೇ ಆ ಮಾತಿಗೆ" ಎಂದರು ಸಿಸ್ಟ್ರಮ್ಮ. "ಅದ ಬುಟ್ಟು ಗೆದ್ದು ಏನ್ ಮಾಡ್ಲಿ?"

ಒಬ್ಬ ಡ್ರೈವರ್ ರೇಗಿದ. "ಗಾಡಿ ಒಂದೇ ಸಾಲಲ್ಲಿ ನಿಲ್ಸುದ್ರೆ ಸರದಿ ಯಾವಾಗ್ ಬರಾದು? ಕಬ್ಬು ಒಣ್ಕಂಡ್ ಓಯ್ತದೆ." ಅವನ ಮಾತೂ ಸುಳ್ಳಲ್ಲ. ಸಿಸ್ಟ್ರಮ್ಮ ಅದನ್ನು ಒಪ್ಪಿಕೊಂಡರು. ಆಸ್ಪತ್ರೆಯಲ್ಲಿ ಟೋಕನ್ ಕೊಡುವಂತೆ ಊರಬಾಗಿಲಲ್ಲೇ ಸರದಿಗೆ ಟೋಕನ್ ಕೊಡಲಿ, ಗಾಡಿ ಹೊಲದಲ್ಲೇ ನಿಲ್ಲಲಿ, ಕರೆದಾಗ ಹೋಗಲಿ, ಅದನ್ನು ಫ್ಯಾಕ್ಟರಿಯವರ ಹತ್ತಿರ ಕೂತು ಮಾತಾಡಲಿಕ್ಕೇ ಪಂಚಾಯಿತಿ ಇರುವುದು ಎಂದು ಬಿಡಿಸಿ ಹೇಳಿದರು. "ಆಗಾದ್ ಓಗಾದ್ ಮಾತಾಡು" ಎಂದು ಯಾರೋ ಹಿಂದಿನಿಂದ ನಕ್ಕರು.

ನನಗೆ ತಡೆಯಲಾಗಲಿಲ್ಲ. ಹೋದ ವರ್ಷ ಆ ರಸ್ತೆಯಲ್ಲಿ ಯಾರದೋ ಹೆರಿಗೆ ಕೆಟ್ಟಿತು ಎಂಬ ಗಾಳಿಸುದ್ದಿ ಪಟ್ಟಣದವರೆಗೂ ಬಂದಿತ್ತು. ಸಿಸ್ಟ್ರಮ್ಮನ ಕಿವಿಯಲ್ಲಿ ಪಿಸುಗುಟ್ಟಿದೆ. "ಅದು ಯಾರ ಮನೆ ಅಂತ ನಿಮಗೆ ಗೊತ್ತಿರುತ್ತೆ. ಹೇಳಿಬಿಡಿ. ಊರು ನಿಮ್ಮ ಕಡೆಗೆ ತಿರುಗುತ್ತೆ."

ಅವರು ನನ್ನನ್ನು ನೋಡಿದ ನೋಟಕ್ಕೆ ನಾನು ಹಿಂದೆ ಸರಿದೆ. "ಓಟಿಗೋಸ್ಕರ ಒಬ್ರ ಮನೆ ಸಂಕ್ಟ ಜಗ್ಲಿ ಮ್ಯಾಲೆ ಸುರೀಲಾ? ಅದು ನಂದಲ್ಲ ಕನಪ್ಪ, ಏಳಾಕೆ" ಎಂದರು. ಎದ್ದು ಚಪ್ಪಲಿ ಮೆಟ್ಟಿಕೊಂಡರು.

ಆಗ ಚೆಲುವ ಎದ್ದು ನಿಂತ.

"ಕೂತ್ಕಳಿ ಸಿಸ್ಟ್ರಮ್ಮ. ನಂದು ಅದು, ನಾನ್ ಏಳ್ತೀನಿ" ಎಂದ. "ಓದೊರ್ಸ ನಮ್ ಮಗ ಒಟ್ಟೇಲೇ ಓಯ್ತು ಅಂದೆ ಎಲ್ರುಗೂ. ಸುಳ್ಳು. ಸುಮಾನ ಆಸ್ಪತ್ರೆಗ್ ಕರ್ಕಂಡ್ ಓಗ್ತಿದ್ದ ಆಟೋ ಕಬ್ಬಿನ್ ಗಾಡಿ ಇಂದೆ ಸಿಕ್ಕಾಕಂಡ್ತು. ಅಡ್ಡ ನಿಂತಿದ್ದದ್ದು ನನ್ ಗಾಡಿನೇ. ನಾನು ಅದ್ರಡೀಲಿ ಮಲ್ಗಿದ್ದೆ, ಫೋನು ಸೈಲೆಂಟು. ಮಗ ಆಟೋದಲ್ಲೇ ಉಟ್ತು. ಅಳ್ನಿಲ್ಲ."

ಅವನು ಸಿಸ್ಟ್ರಮ್ಮನ ಕಡೆ ಕೈ ತೋರಿಸಿದ.

"ಸಿಸ್ಟ್ರಮ್ಮ ಆ ಆಟೋದಲ್ಲೇ ಇದ್ರು. ನನ್ ಎಬ್ಬಿಸ್ದೋರೂ ಅವ್ರೇ. ಈವತ್ನವರ್ಗೂ ಒಬ್ರತಾವ ಬಾಯ್ ಬುಟ್ಟಿಲ್ಲ."

ಸುಮಾ ಚೆಲುವನ ಹೆಂಡತಿ. ಮಗು ಹೊಟ್ಟೆಯಲ್ಲೇ ಹೋಯಿತು ಎಂಬ ಸುದ್ದಿ ಬಂದಾಗ ನಾನೂ ಹೋಗಿ ಸಮಾಧಾನ ಹೇಳಿ ಬಂದವನೇ. ಆ ಮನೆಯವನಾದ ನನಗೇ ಗೊತ್ತಿರದ ಸತ್ಯವನ್ನು ಈ ಹೆಂಗಸು ಇಷ್ಟು ದಿನ ಹೊಟ್ಟೆಯೊಳಗೆ ಇಟ್ಟುಕೊಂಡು, ಅದನ್ನು ಹೇಳದೆಯೇ ಅದಕ್ಕಾಗಿ ಚುನಾವಣೆಗೆ ನಿಂತಿದ್ದರು. ಹೇಳಿದ್ದರೆ ಗೆಲ್ಲುತ್ತಿದ್ದರು. ಸೋತರೂ ಸರಿ, ಹೇಳಬಾರದು ಎಂದು ನಿರ್ಧರಿಸಿದ್ದರು. ರಾಜಕೀಯದ ಬಗ್ಗೆ ಇಷ್ಟು ವರ್ಷ ಬರೆದವನು ನಾನು. ಇಂಥದ್ದು ಇರಬಹುದು ಎಂದು ಒಮ್ಮೆಯೂ ಅನ್ನಿಸಿರಲಿಲ್ಲ. ಕೈ ಮುಗಿಯಬೇಕು ಅನ್ನಿಸಿತು, ಮುಗಿದೆ.

ಸಿಸ್ಟ್ರಮ್ಮ ಅದನ್ನು ನೋಡಲೂ ಇಲ್ಲ. ಚೆಲುವನ ತೋಳು ಹಿಡಿದು, "ನೀನ್ ಏಳ್ಬೇಕಿರ್ನಿಲ್ಲ ಕಣ್ಲಾ" ಎಂದರು. ಆಮೇಲೆ ಇಬ್ಬರೂ ಬೀದಿಗಿಳಿದು ಹೋದರು.

ಸೋಮವಾರ ಬೆಳಿಗ್ಗೆ ನಾನು ಹೊರಟಾಗ ಊರಬಾಗಿಲಲ್ಲಿ ಕಾರು ನಿಲ್ಲಿಸಿಬಿಟ್ಟೆ. ಕಬ್ಬಿನ ಗಾಡಿಗಳು ಒಂದೇ ಸಾಲಿನಲ್ಲಿದ್ದವು. ಚೆಲುವನ ಟ್ರಾಕ್ಟರ್ ಎಲ್ಲಕ್ಕಿಂತ ಎಡಕ್ಕೆ, ಮಣ್ಣಿಗಿಳಿದು ನಿಂತಿತ್ತು. ಅವನು ಟವೆಲ್ ಬೀಸುತ್ತಾ ಉಳಿದವರನ್ನು ಸರಿಸುತ್ತಿದ್ದ. (ಮುಂದಿನ ತಿರುವಿನಲ್ಲಿ ಜೋಡಿ ಸಾಲು ಹಾಗೇ ಇತ್ತು ಎನ್ನುವುದನ್ನೂ ಹೇಳಬೇಕು. ಅದು ಪಕ್ಕದೂರಿನವರದು.)

ಟೀ ಅಂಗಡಿಯ ಮುಂದೆ ಚಿಕ್ಕೇಗೌಡರು ಸಿಕ್ಕಿದರು. ಹುಡುಗನ ನಾಮಪತ್ರ ವಾಪಸು ತೆಗೆಸುತ್ತೀರಾ ಎಂದೆ. "ಯಾಕಪ್ಪ? ರಸ್ತೆ ಬುಟ್ಟಾಯ್ತಲ್ಲ. ಇನ್ನೇನ್ ಕೆಲ್ಸ ಅದೆ ಆಯಮ್ಮಂಗೆ? ಆಯಮ್ಮನೇ ತೆಗೀಲಿ" ಎಂದರು. ಅವರ ಮುಖದಲ್ಲಿ ಕಪಟವೇನೂ ಇರಲಿಲ್ಲ. ಅವರಿಗೆ ಅದು ನಿಜಕ್ಕೂ ನ್ಯಾಯವಾಗಿ ಕಂಡಿತ್ತು.

ನಾನು ಕಾರು ತಿರುಗಿಸಿ ಸಿಸ್ಟ್ರಮ್ಮನ ಮನೆಗೆ ಹೋದೆ. ಅವರು ಆಗಲೇ ಆ ದಿನದ ಬೀದಿಗಳಿಗೆ ಹೊರಟು ನಿಂತಿದ್ದರು. ಗೌಡರ ಮಾತು ಹೇಳಿದೆ. ಅವರಿಗೆ ಸಿಟ್ಟು ಬರಲಿಲ್ಲ. ಚೀಲ ಹೆಗಲಿಗೇರಿಸಿಕೊಂಡು, ಬಾಗಿಲಿಗೆ ಬೀಗ ಹಾಕುತ್ತಾ ಹೇಳಿದರು:

"ಈವತ್ತು ಚೆಲುವನ್ ಮಕ ನೋಡಿ ಬುಟ್ಟವ್ರೆ, ಮುಂದ್ಲೊರ್ಸಕ್ಕೆ ಮರ್ತೋಯ್ತದೆ. ದಾರಿ ಬುಡಾಕೆ ವರ್ಸ ವರ್ಸ ಒಂದೊಂದ್ ಮಗ ಓಗ್ಬೇಕೇನಪ್ಪ?"